ಟಿಕ್ ಅನ್ನದ ಸ್ಪ್ಯಾನರ್

ವಕ್ಕಲೇರಿಯಲ್ಲಿ ಅಳತೆ ತಿಳಿದು ಬೋಲ್ಟ್ ಬಿಗಿಯುವ ಏಕೈಕ ಗಂಡಸು ನಾನೇ ಎಂಬ ವಿಚಾರದಲ್ಲಿ ಆ ಭಾನುವಾರ ಮಧ್ಯಾಹ್ನದವರೆಗೆ ನನಗೆ ಎಳ್ಳಷ್ಟೂ ಸಂಶಯವಿರಲಿಲ್ಲ!

ನಮ್ಮದು ಎರಡು ಸೀಮೆ ಹಸು. ಹೆಂಡತಿ ಸರೋಜಳಿಗೆ ಮಣಿಕಟ್ಟಿನ ನೋವು ಬಂದಮೇಲೆ ಹಾಲು ಕರೆಯೋ ಮಿಷನ್ ತಂದಿದ್ದೆವು. ಈಗ ಅದರ ಮೋಟರ್ ಗಡಗಡ ಅನ್ನುತ್ತಿತ್ತು. ಅದನ್ನು ಕೂರಿಸಿದ ಬೋಲ್ಟುಗಳು ಸಡಿಲವಾಗಿದ್ದವು, ಅಷ್ಟೇ.

"ಸುಮ್ನೆ ಒಂದು ಸುತ್ತು ತಿರುವಿ ಬಿಡ್ರೀ. ಸಾಯಂಕಾಲ ಡೇರಿ ಮುಚ್ಚೋದ್ರೊಳಗೆ ಹಾಲು ಹಾಕ್ಬೇಕು," ಅಂದಳು ಸರೋಜ.

"ಸುಮ್ನಿರೇ, ಅದಕ್ಕೊಂದು ಲೆಕ್ಕ ಇರ್ತದೆ!"

ಮಿಷನ್ ಜೊತೆ ಬಂದ ಪುಸ್ತಕದಲ್ಲಿ ಬೋಲ್ಟಿನ ಬಿಗಿ ಇಪ್ಪತ್ತು ಅಂತಿತ್ತು. ಪಕ್ಕದ್ಮನೆ ಮುನಿಯಪ್ಪಣ್ಣ ಟ್ರಾಕ್ಟರ್ ಚಕ್ರ ಬಿಗಿಯೋಕೆ ಇಟ್ಟುಕೊಂಡಿದ್ದ ಟಾರ್ಕ್ ಸ್ಪ್ಯಾನರ್ ತಂದೆ. ಎರಡು ಮೊಳದ ಸರಂಜಾಮು! ಹಿಡಿಯ ಮೇಲೆ ಅಂಕಿ ಕೂರಿಸಿದರೆ, ಅಷ್ಟು ಬಿಗಿಯಾದ ಕೂಡಲೇ 'ಟಿಕ್' ಅನ್ನುತ್ತದೆ. ಇಪ್ಪತ್ತಕ್ಕೆ ಕೂರಿಸಿದೆ.

ಬಿಗಿದೆ. ಟಿಕ್ ಬರಲಿಲ್ಲ. ಹಲ್ಲು ಕಚ್ಚಿ ಇನ್ನೂ ಬಿಗಿದೆ.

"ಚಾಲು, ಸಾಕು ಬಿಡಯ್ಯಾ!" ಅಂದರು ಗೋಡೆಯಾಚೆಯಿಂದ ಮುನಿಯಪ್ಪಣ್ಣ.

"ಟಿಕ್ ಬರ್ಲಿ ಅಣ್ಣಾ!"

ಬಂದದ್ದು 'ಟಕ್'! ಬೋಲ್ಟಿನ ತಲೆ ಹಾರಿ ಹುಲ್ಲಿನಲ್ಲಿ ಬಿತ್ತು.

"ಡೂಪ್ಲಿಕೇಟ್ ಮಾಲು!" ಎಂದು ತೀರ್ಪು ಕೊಟ್ಟು ಎರಡನೆಯದಕ್ಕೆ ಕೈ ಹಾಕಿದೆ. ಅದೂ ಡೂಪ್ಲಿಕೇಟ್! ಮೂರನೆಯದು ಮಾತ್ರ ಅಪ್ಪಟ ಅಸಲಿ. ಅದು ಮುರಿಯಲಿಲ್ಲ, ಮೋಟರಿನ ಕಾಲೇ ಮುರಿಯಿತು. ಮೋಟರ್ ಒಂದು ಕಡೆ ವಾಲಿಕೊಂಡು ಕೂತಿತು.

ಆಗ ಕನ್ನಡಕ ಒರೆಸಿಕೊಂಡು ನೋಡಿದೆ. ಪುಸ್ತಕದಲ್ಲಿದ್ದದ್ದು ಇಪ್ಪತ್ತು ನ್ಯೂಟನ್ ಮೀಟರ್. ಸ್ಪ್ಯಾನರ್ ಮೇಲಿದ್ದದ್ದು ಕೆಜಿ ಮೀಟರ್. ಒಂದು ಕೆಜಿ ಮೀಟರ್ ಅಂದರೆ ಹತ್ತಿರ ಹತ್ತಿರ ಹತ್ತು ನ್ಯೂಟನ್ ಮೀಟರ್! ಹಾಲಿನ ಮಿಷನ್ನಿಗೆ ನಾನು ಟ್ರಾಕ್ಟರ್ ಚಕ್ರದ ಬಿಗಿ ಕೊಡಲು ಹೊರಟಿದ್ದೆ.

ಸರೋಜ ಬಕೆಟ್ ಹಿಡಿದು ಹಸುವಿನ ಪಕ್ಕ ಕೂತಳು. ಆ ನೋವಿನ ಕೈಯಲ್ಲಿ ಕರೆಯೋದು ನೋಡಲಾಗಲಿಲ್ಲ. ಇನ್ನೊಂದು ಹಸುವಿನ ಹತ್ತಿರ ನಾನೂ ಕೂತೆ.

"ಮೆತ್ತಗೆ ರೀ! ಕೆಚ್ಚಲು ಅದು, ಬೋಲ್ಟಲ್ಲ!" ಅಂತ ಅವಳು ಕೂಗುವಷ್ಟರಲ್ಲಿ ಹಸು ಒದ್ದಾಗಿತ್ತು. ಹಾಲು ಒಂದು ಕಡೆ, ನಾನು ಗಂಜಲದ ಗುಂಡಿ ಕಡೆ ಉರುಳಿದೆವು.

ಡೇರಿ ಬಾಗಿಲು ಹಾಕೋ ಹೊತ್ತಿಗೆ ಓಡೋಡಿ ಹೋದೆವು. ಹಾಲು ಅಳೆಯುವಾತ ಅರ್ಧ ಖಾಲಿ ಕ್ಯಾನಿನೊಳಗೆ ಬಗ್ಗಿ ನೋಡಿ, "ಏನಕ್ಕಾ, ಒಂದು ಹಸು ಮಾರಿಬಿಟ್ರಾ?" ಅಂದ.

ಸರೋಜ ಮಣಿಕಟ್ಟು ನೀವಿಕೊಳ್ಳುತ್ತಾ ನನ್ನ ಕಡೆ ತಿರುಗಿದಳು.

"ಹಸು ಮನೇಲೈತೆ ಕಣಪ್ಪಾ. ಮಾರಕ್ಕೆ ಇಟ್ಟಿರೋದು ಇವರನ್ನ. ಪುಗಸಟ್ಟೆ ಕೊಡ್ತೀನಿ ಅಂದ್ರೂ ಯಾರೂ ಒಯ್ತಾ ಇಲ್ಲ!"