ಆರಕ್ಷರದ ಆಗಂತುಕ

ಇಪ್ಪತ್ತೆರಡು ವರ್ಷಗಳಿಂದ ನಾನು ಲಿಫ್ಟ್ ಇನ್ಸ್‌ಪೆಕ್ಟರ್. ಈ ಊರಿನಲ್ಲಿ ಯಾವ ಲಿಫ್ಟ್ ಮೇಲೇರಬೇಕು, ಯಾವುದು ಬಾಗಿಲು ಮುಚ್ಚಿಕೊಂಡು ತೆಪ್ಪಗೆ ಕೂರಬೇಕು ಎಂದು ತೀರ್ಮಾನಿಸುವವನು ನಾನೇ. ಎಂಥ ದೊಡ್ಡ ಮನುಷ್ಯರೇ ಇರಲಿ, ನಾನು ‘ಸುರಕ್ಷಿತ’ ಎಂದು ಮೊಹರು ಒತ್ತುವ ತನಕ ಅವರಿಗೆ ಮೆಟ್ಟಿಲೇ ಗತಿ! ಹೀಗಿರುವಾಗ ಕಂಪ್ಯೂಟರಿನ ಹೊಟ್ಟೆಯಲ್ಲಿ ಓಡುತ್ತಿರುವ ಒಂದು ಯಃಕಶ್ಚಿತ್ ಪ್ರೋಗ್ರಾಂ ಸುರಕ್ಷಿತವೋ ಅಲ್ಲವೋ ಎಂದು ಹೇಳುವುದು ನನಗೇನು ಮಹಾ? ಆ ಶನಿವಾರ ಬೆಳಗ್ಗೆ ಹನ್ನೊಂದು ಗಂಟೆಗೆ ನಾನು ಹಾಗೆಂದುಕೊಂಡೆ. ಹನ್ನೆರಡೂವರೆಯವರೆಗೂ ಹಾಗೆಯೇ ಅಂದುಕೊಂಡಿದ್ದೆ.

ಕಂಪ್ಯೂಟರ್ ನನ್ನ ಹೆಂಡತಿಯದು. ಅವಳು ಪದಬಂಧ ರಚಿಸುತ್ತಾಳೆ. ದಿನಪತ್ರಿಕೆಯ ಒಳಪುಟದಲ್ಲಿ, ಹವಾಮಾನದ ಕೆಳಗೆ, ಬೆಂಕಿಪೊಟ್ಟಣದಷ್ಟು ಜಾಗದಲ್ಲಿ ಒಂದು ಪದಬಂಧ ಬರುತ್ತದಲ್ಲ, ಅದು ಅವಳದು. ಒಂಬತ್ತು ವರ್ಷದಿಂದ ಆ ಮೂಲೆಯಲ್ಲೇ ಇದ್ದಾಳೆ. ಈಗ ಪತ್ರಿಕೆಗೆ ಐವತ್ತು ತುಂಬಿತು. ವಿಶೇಷ ಸಂಚಿಕೆಗೆ ಇಡೀ ಪುಟದ ಮಹಾಪದಬಂಧ ಮಾಡಿಕೊಡಿ ಎಂದು ಸಂಪಾದಕರು ಕೇಳಿದ್ದರು. ಚೆನ್ನಾಗಿ ಬಂದರೆ ಪ್ರತಿ ಭಾನುವಾರ ಪೂರ್ತಿ ಪುಟ ಅವಳಿಗೇ. ಶನಿವಾರ ಸಂಜೆ ಐದರೊಳಗೆ ಬರದಿದ್ದರೆ ಆ ಪುಟಕ್ಕೆ ಹಾಸಿಗೆ ಅಂಗಡಿಯ ಜಾಹೀರಾತು. ಮೂರು ವಾರ ಅವಳು ಸರಿಯಾಗಿ ಊಟ ಮಾಡಿರಲಿಲ್ಲ. ಮಾಡಿದಾಗಲೂ ತಟ್ಟೆಯಲ್ಲಿ ಬೆರಳಿನಿಂದ ಚೌಕ ಬರೆಯುತ್ತಿದ್ದಳು.

ಆ ಶನಿವಾರ ಅವಳು ಚಪ್ಪಲಿ ಮೆಟ್ಟಿಕೊಳ್ಳುತ್ತಾ ಹೇಳಿದಳು: “ಕನ್ನಡಕ ರೆಡಿಯಾಗಿದೆಯಂತೆ, ತಗೊಂಡು ಬಂದುಬಿಡ್ತೀನಿ. ಪದಬಂಧ ಮುಗೀತು. ಬಂದು ಒಂದೇ ಒಂದು ಸಲ ಕಣ್ಣಾಡಿಸಿ ಕಳಿಸೋದು. ನೀವು ಪ್ರಿಂಟರ್‌ಗೆ ಕಾಗದ ಹಾಕಿಡಿ.”

“ಅಷ್ಟೇನಾ?”

“ಅಷ್ಟೇ. ಅದಕ್ಕಿಂತ ಗುಲಗಂಜಿಯಷ್ಟೂ ಹೆಚ್ಚು ಮಾಡ್ಬೇಡಿ.”

ಕಾಗದ ಹಾಕಲು ಎರಡು ನಿಮಿಷ ಹಿಡಿಯಿತು. ಆಮೇಲೆ ನನ್ನ ಎರಡು ಕೈಗಳೂ ಖಾಲಿಯಾದವು. ಅನಾಹುತಗಳೆಲ್ಲ ಶುರುವಾಗುವುದೇ ನನ್ನ ಕೈ ಖಾಲಿಯಿದ್ದಾಗ.

ಕಂಪ್ಯೂಟರಿನ ಫ್ಯಾನು ಗುರ್ ಎನ್ನುತ್ತಿತ್ತು. ಮೋಟಾರು ಸುಮ್ಮಸುಮ್ಮನೆ ಸದ್ದು ಮಾಡುವುದಿಲ್ಲ ಎಂಬುದು ನನ್ನ ಇಪ್ಪತ್ತೆರಡು ವರ್ಷಗಳ ಅನುಭವ. ಒಳಗೆ ಏನೇನು ಓಡುತ್ತಿದೆ ಎಂದು ತೋರಿಸುವ ಪಟ್ಟಿಯನ್ನು ತೆರೆದೆ. ಸಾಲಾಗಿ ನೂರಾರು ಹೆಸರು. ಅವುಗಳ ಮಧ್ಯೆ ಒಂದು ಹೆಸರು, ಚಿತ್ರವಿಲ್ಲ, ವಿವರವಿಲ್ಲ, ಅಪ್ಪ ಅಮ್ಮ ಯಾರೆಂಬುದೂ ಇಲ್ಲ. ಇಂಗ್ಲಿಷಿನ ಆರೇ ಅಕ್ಷರ: ಕೆ, ಎ, ಡಿ, ಐ, ಡಿ, ಯು.

ಜೋರಾಗಿ ಓದಿದೆ. ಕಡಿದು!

ಏನನ್ನು ಕಡಿದು? ಕಡಿದು ಏನು ಮಾಡುತ್ತದೆ? ಕಳ್ಳರಿಗೂ ಕನ್ನಡಾಭಿಮಾನ ಬಂದ ಕಾಲವಿದು ಎಂದುಕೊಂಡೆ. ಇಂಟರ್‌ನೆಟ್ಟಿನಲ್ಲಿ ಹುಡುಕಿದರೆ ಆ ಹೆಸರಿನ ಪ್ರೋಗ್ರಾಂ ಭೂಮಂಡಲದಲ್ಲಿ ಯಾರಿಗೂ ಗೊತ್ತಿಲ್ಲ! ಊರಿಗೆಲ್ಲ ಗೊತ್ತಿರುವ ಕಳ್ಳನಾದರೆ ಪರವಾಗಿಲ್ಲ, ಇದು ನಮ್ಮ ಮನೆಗೆಂದೇ ವಿಶೇಷವಾಗಿ ಬಂದ ಕಳ್ಳ. ಆ ಆರಕ್ಷರಕ್ಕೆ ಇನ್ನು ನಾನೇ ಆರಕ್ಷಕ ಎಂದು ಕುರ್ಚಿ ಎಳೆದುಕೊಂಡು ಕುಳಿತೆ.

ನಾನು ಅವಸರದ ಮನುಷ್ಯನಲ್ಲ. ಏನೇ ಮಾಡಿದರೂ ಕ್ರಮಬದ್ಧ. ಚೀಲದಿಂದ ಲಿಫ್ಟ್ ತಪಾಸಣೆಯ ಒಂದು ಫಾರಂ ತೆಗೆದು, ‘ಲಿಫ್ಟ್’ ಎಂದಿದ್ದಲ್ಲಿ ಗೀಟು ಹಾಕಿ ‘ಕಡಿದು’ ಎಂದು ಬರೆದೆ. ತಯಾರಕರ ಹೆಸರು? ಇಲ್ಲ. ಇರುವ ಸ್ಥಳ? ಹುಡುಕಿದೆ. ನನ್ನ ಹೆಂಡತಿಯ ಸ್ವಂತ ಕಡತಗಳ ನಟ್ಟನಡುವೆ, ಮನೆ ಅಳಿಯನ ಹಾಗೆ ಕೂತಿದೆ! ಚಲನೆ ಹೇಗೆ? ಗಡಿಯಾರ ಹಿಡಿದು ನೋಡಿದೆ. ಸರಿಯಾಗಿ ಐದು ನಿಮಿಷಕ್ಕೊಮ್ಮೆ ಏಳುತ್ತದೆ, ಅವಳ ಪದಬಂಧದ ಹತ್ತಿರ ಹೋಗುತ್ತದೆ, ನಕಲು ಮಾಡಿಕೊಳ್ಳುತ್ತದೆ, ಮತ್ತೆ ಮಲಗುತ್ತದೆ. ಅದು ಎದ್ದಾಗಲೆಲ್ಲ ಕಿಟಕಿಯ ಪರದೆಯ ಹಿಂದೆ ಒಂದು ಹಸಿರು ದೀಪ ಮಿನುಗುತ್ತಿತ್ತು. ಪರದೆ ಸರಿಸಿದರೆ ಅಂಗೈಯಗಲದ ಒಂದು ಕಪ್ಪು ಡಿಸ್ಕು! ತೆರೆದು ನೋಡಿದೆ. ಮಹಾಪದಬಂಧದ ಸಾವಿರಾರು ನಕಲುಗಳು. ಕದ್ದ ಮಾಲು, ಮಾಲಿನ ಸಮೇತ ಗೋದಾಮು, ಎಲ್ಲ ಒಂದೇ ಏಟಿಗೆ ಸಿಕ್ಕಿಬಿದ್ದವು.

ಫಾರಂನ ಕೊನೆಯ ಪ್ರಶ್ನೆ: ‘ಮಾಲೀಕರನ್ನು ವಿಚಾರಿಸಲಾಗಿದೆಯೇ?’ ಅದಕ್ಕೆ ಇಪ್ಪತ್ತೆರಡು ವರ್ಷಗಳಿಂದ ನನ್ನ ಕೈ ತಾನಾಗಿಯೇ ‘ಹೌದು’ ಎಂದು ಗುರುತು ಹಾಕಿಬಿಡುತ್ತದೆ. ಹಾಕಿತು.

ಅವಳಿಗೊಂದು ಫೋನ್ ಮಾಡಬಹುದಿತ್ತು. ಸುಳ್ಳೇಕೆ, ಫೋನು ಕೈಯಲ್ಲೇ ಇತ್ತು. ಆದರೆ ಹಿಡಿದ ಕಳ್ಳನನ್ನು ಕೈಯಲ್ಲಿಟ್ಟುಕೊಂಡು ‘ಹಿಡಿಯಲಾ?’ ಎಂದು ಹೆಂಡತಿಯನ್ನು ಕೇಳಿದರೆ ನನ್ನ ಮರ್ಯಾದೆ ಏನಾಗಬೇಕು! ನನ್ನ ಕೆಲಸದಲ್ಲಿ ಒಂದೇ ಸೂತ್ರ. ಅನುಮಾನ ಬಂದರೆ ಮೊದಲು ನಿಲ್ಲಿಸು, ಆಮೇಲೆ ಕೇಳು. ನಿಂತ ಲಿಫ್ಟಿನಿಂದ ಇವತ್ತಿನವರೆಗೆ ಯಾರೂ ಬಿದ್ದಿಲ್ಲ.

ನಿಲ್ಲಿಸಿದೆ. ಅಷ್ಟಕ್ಕೇ ಬಿಟ್ಟರೆ ಮತ್ತೆ ಬಾಲ ಬಿಚ್ಚೀತು ಎಂದು ಬುಡಸಮೇತ ಅಳಿಸಿದೆ. ಕಪ್ಪು ಡಿಸ್ಕನ್ನು ಪೂರ್ತಿ ಒರೆಸಿದೆ. ಕಂಪ್ಯೂಟರನ್ನು ಒಮ್ಮೆ ಆರಿಸಿ ಹಚ್ಚಿದರೆ ಒಳಗೆ ಉಳಿದ ಚೂರುಪಾರೂ ಹೋಗುತ್ತದೆಂದು ಆರಿಸಲು ಹೋದೆ. ಆಗ ತೆರೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಒಂದು ಪ್ರಶ್ನೆ ಬಂತು: ‘ಉಳಿಸಬೇಕೇ?’

ನೋಡಿ ನಗು ಬಂತು. ಬಡ್ಡಿಮಗಂದು ಪ್ರಾಣಭಿಕ್ಷೆ ಬೇಡುತ್ತಿದೆ! ನಾನು ಕರಗುವ ಆಸಾಮಿಯೇ? ‘ಬೇಡ’ ಎಂಬಲ್ಲಿ ಒತ್ತಿದೆ. ‘ಖಂಡಿತವಾಗಿಯೂ ಬೇಡವೇ?’ ಎಂದು ಮತ್ತೆ ಅಂಗಲಾಚಿತು. ಖಂಡಿತವಾಗಿಯೂ ಬೇಡ ಎಂದು ಒತ್ತಿದೆ. ಆಮೇಲೆ ಕಾಫಿ ಮಾಡಿಕೊಂಡು, ಕಾಲ ಮೇಲೆ ಕಾಲು ಹಾಕಿಕೊಂಡು, ಹೊಗಳಿಸಿಕೊಳ್ಳಲು ಸಿದ್ಧನಾಗಿ ಕುಳಿತೆ.

ಹನ್ನೆರಡೂವರೆಗೆ ಹೆಂಡತಿ ಹೊಸ ಕನ್ನಡಕ ಹಾಕಿಕೊಂಡೇ ಬಂದಳು. ಕಂಪ್ಯೂಟರಿನ ಮುಂದೆ ಕುಳಿತಳು. ಕನ್ನಡಕ ತೆಗೆದು ಒರೆಸಿದಳು. ಮತ್ತೆ ಹಾಕಿಕೊಂಡಳು.

“ರೀ, ನನ್ನ ಪದಬಂಧ ಎಲ್ಲಿ?”

“ಅಯ್ಯೋ, ಅದಕ್ಕೆ ಬಂದಿದ್ದ ಕಂಟಕ ನಿನಗೇನು ಗೊತ್ತು! ಕಡಿದು ಅಂತ ಒಂದು ಕಳ್ಳ ಒಳಗೆ ಸೇರ್ಕೊಂಡಿತ್ತು ಕಣೆ. ಐದೈದು ನಿಮಿಷಕ್ಕೂ ನಿನ್ನ ಪದಬಂಧ ಕದೀತಿತ್ತು. ಹಿಡಿದು ಮುಗಿಸಿಬಿಟ್ಟೆ!”

“ಕಡಿದು?” ಅವಳ ದನಿ ಸಣ್ಣಗಾಯಿತು. “ಅದು ಕಡಿದು ಅಲ್ಲ ರೀ. ಕಾದಿಡು! ಕಾದು, ಇಡು! ನನ್ನ ತಮ್ಮ ಮಾಡಿಕೊಟ್ಟಿದ್ದು. ನಾನು ಕಂಪ್ಯೂಟರ್ ಆರಿಸೋದೂ ಇಲ್ಲ, ಉಳಿಸೋದೂ ಮರೀತೀನಿ ಅಂತ, ಅದೇ ಐದೈದು ನಿಮಿಷಕ್ಕೂ ನಕಲು ತೆಗೆದು ಡಿಸ್ಕಿಗೆ ಹಾಕ್ತಿತ್ತು.”

ಅವಳ ತಮ್ಮ, ಅಂದರೆ ನನ್ನ ಬಾಮೈದ, ಶಾಲೆಯಲ್ಲಿ ಗಣಿತದ ಮೇಷ್ಟ್ರು. ಬಿಡುವಿದ್ದಾಗ ಇಂಥ ಪ್ರೋಗ್ರಾಂ ಬರೆಯುತ್ತಾನೆ. ಬರೆಯುವವನು ಒಂದು ‘ಎ’ ಹೆಚ್ಚಿಗೆ ಹಾಕಿದ್ದರೆ ಅವನ ಗಂಟೇನು ಹೋಗುತ್ತಿತ್ತು? ಇದನ್ನೇ ಕೇಳೋಣವೆಂದು ಫೋನ್ ಮಾಡಿದೆ.

“ಅದನ್ನ ನಿಲ್ಲಿಸಿದ್ರೂ ಪರವಾಗಿಲ್ಲ ಭಾವ,” ಎಂದ. “ಕಂಪ್ಯೂಟರ್ ಆರಿಸದೇ ಇದ್ರೆ ಪದಬಂಧ ಹಾಗೇ ಇರುತ್ತೆ.”

“ಆರಿಸಿ ಹಚ್ಚಿದ್ದೀನಲ್ಲಪ್ಪ.”

“ಉಳಿಸಬೇಕಾ ಅಂತ ಕೇಳಿರ್ಬೇಕಲ್ಲ?”

“ಕೇಳ್ತು. ಎರಡು ಸಲ ಕೇಳ್ತು.”

“ಹೋಗ್ಲಿ ಬಿಡಿ, ಡಿಸ್ಕ್‌ನಲ್ಲಿ ಎಲ್ಲಾ ಇರುತ್ತೆ.”

“ಡಿಸ್ಕನ್ನ ಒರೆಸಿದ್ದೀನಿ.”

“ಭಾವ, ಕಷ್ಟಪಟ್ಟರೆ ತೆಗೀಬಹುದು, ಎರಡು ದಿನ ಬೇಕು. ಅಕ್ಕ ಅಲ್ಲೇ ಇದ್ದಾಳಾ? ಫೋನ್ ಕೊಡಿ. ಬೇಡ ಬೇಡ, ಕೊಡ್ಬೇಡಿ,” ಎಂದು ಇಟ್ಟೇಬಿಟ್ಟ.

ಹೆಂಡತಿ ಕೂಗಾಡಿದ್ದರೆ ಹೇಗೋ ನಿಭಾಯಿಸುತ್ತಿದ್ದೆ. ಅದು ಅಭ್ಯಾಸವಿದೆ. ಅವಳು ಕೂಗಲಿಲ್ಲ. ಖಾಲಿ ತೆರೆಯನ್ನು ನೋಡುತ್ತಾ, “ಒಂಬತ್ತು ವರ್ಷ ಆ ಮೂಲೆಯಲ್ಲೇ ಇದ್ದೆ ರೀ,” ಎಂದಳು. ಹೊಸ ಕನ್ನಡಕದ ಒಳಗೆ ಕಣ್ಣು ತುಂಬಿತ್ತು. ನನಗೆ ನಾಚಿಕೆಯಾಯಿತು. ನೆಲ ಬಾಯಿಬಿಟ್ಟು ನುಂಗಬಾರದೇ ಎನಿಸಿತು. ಮೊಹರು, ಫಾರಂ, ಇಪ್ಪತ್ತೆರಡು ವರ್ಷ ಯಾವುದೂ ನೆರವಿಗೆ ಬರಲಿಲ್ಲ.

“ನಾನೇನಾದ್ರೂ ಮಾಡ್ಲಾ?” ಎಂದೆ.

“ಸದ್ಯ! ಅದೊಂದು ಬೇಡ,” ಎಂದು ಕಣ್ಣೊರೆಸಿಕೊಂಡು ಎದ್ದಳು. “ಇನ್ನೂ ನಾಲ್ಕೂವರೆ ಗಂಟೆ ಟೈಮಿದೆ. ಮೂರು ವಾರ ತಲೆಯಲ್ಲಿ ಹೊತ್ತು ಓಡಾಡಿದ್ದೀನಿ, ಅಷ್ಟು ಬೇಗ ಎಲ್ಲಿಗೆ ಹೋಗುತ್ತೆ? ಒಂದು ದೊಡ್ಡ ಕಾಗದ ಕೊಡಿ. ನಾನು ಹೇಳ್ತೀನಿ, ನೀವು ಕಂಪ್ಯೂಟರಲ್ಲಿ ಕುಟ್ಟಿ.”

ಕೈಗೆ ಸಿಕ್ಕಿದ ಫಾರಂ ಕೊಟ್ಟೆ. ಅವಳು ಹಿಂಬದಿಯಲ್ಲಿ ಚೌಕ ಹಾಕಲು ಹೋದವಳು, ಅಭ್ಯಾಸಬಲದಿಂದ ಮುಂಬದಿಯನ್ನೂ ಓದಿದಳು.

“‘ಮಾಲೀಕರನ್ನು ವಿಚಾರಿಸಲಾಗಿದೆಯೇ? ಹೌದು.’ ಯಾವ ಮಾಲೀಕರು ರೀ?”

ನಾನು ಕೀಲಿಮಣೆಯ ಮೇಲಿನ ಧೂಳು ಒರೆಸಿದೆ.

ಮುಂದಿನ ನಾಲ್ಕು ಗಂಟೆ ನಾನು ತಲೆಯೆತ್ತಲಿಲ್ಲ. ಪದಬಂಧದ ಚೌಕಗಳಿಗೆ ಅವಳ ಭಾಷೆಯಲ್ಲಿ ‘ಮನೆ’ ಎಂದು ಹೆಸರು. ನಾನ್ನೂರ ನಲವತ್ತೊಂದು ಮನೆ! ಅವಳು ಕಣ್ಣು ಮುಚ್ಚಿಕೊಂಡು ಹೇಳುತ್ತಾ ಹೋದಳು. “ಎಡದಿಂದ ಬಲಕ್ಕೆ ಹದಿನೇಳು, ಐದು ಮನೆ. ಕೆಳಗೆ ಕಪ್ಪು.” ನಾನು ಎರಡು ಬೆರಳಲ್ಲಿ ಕುಟ್ಟುತ್ತಾ ಹೋದೆ. ಸಾಲಿಗೊಮ್ಮೆ ಬಾಯಿಬಿಟ್ಟು, “ಉಳಿಸಲಾ?” ಎಂದು ಕೇಳುತ್ತಿದ್ದೆ. “ಉಳಿಸಿ,” ಎನ್ನುತ್ತಿದ್ದಳು. ಆಗ ಮಾತ್ರ ಒತ್ತುತ್ತಿದ್ದೆ. ಮದುವೆಯಾದಾಗಿನಿಂದ ಅಷ್ಟು ಒಮ್ಮತದಿಂದ ನಾವು ಯಾವ ಕೆಲಸವನ್ನೂ ಮಾಡಿರಲಿಲ್ಲ.

ನಾಲ್ಕೂ ಮುಕ್ಕಾಲಿಗೆ ಎಲ್ಲ ತುಂಬಿತು. ಬಲಗಡೆಯ ಕೆಳಮೂಲೆಯಲ್ಲಿ ಒಂದು ಸಾಲು ಮಾತ್ರ ಬಾಕಿ. ಆರು ಮನೆ. ಮೊದಲು ಅಲ್ಲಿದ್ದ ಪದ ಏನು ಮಾಡಿದರೂ ಅವಳಿಗೆ ನೆನಪಾಗಲಿಲ್ಲ. ಪೆನ್ಸಿಲ್ ಕಚ್ಚಿದಳು, ಸೂರು ನೋಡಿದಳು, ಗಡಿಯಾರ ನೋಡಿದಳು. ಕೊನೆಗೆ ನನ್ನನ್ನು ನೋಡಿದಳು. ನೋಡುತ್ತಲೇ ಇದ್ದಳು. ಆ ದಿನ ಮೊದಲ ಸಲ ಅವಳ ಮುಖದಲ್ಲಿ ನಗು ಕಂಡಿತು.

“ಸಿಕ್ತು ಬಿಡಿ! ಏಳಿ, ಇದನ್ನ ನಾನೇ ಬರೀತೀನಿ. ನೀವು ಆ ಕಡೆ ತಿರುಗಿ.”

ತಿರುಗಿದೆ. ಐದಕ್ಕೆ ನಾಲ್ಕು ನಿಮಿಷವಿರುವಾಗ ಮಹಾಪದಬಂಧ ಪತ್ರಿಕೆಗೆ ಹೋಯಿತು. ಭಾನುವಾರ ಇಡೀ ಪುಟ ತುಂಬಿ ಬಂತು. ಮಧ್ಯಾಹ್ನದ ಹೊತ್ತಿಗೆ ಸಂಪಾದಕರೇ ಫೋನ್ ಮಾಡಿ, ಇನ್ನು ಪ್ರತಿ ವಾರ ಆ ಪುಟ ನಿಮ್ಮದೇ ಎಂದರು. ಹೆಂಡತಿ ಫೋನ್ ಇಟ್ಟು ಅಡುಗೆಮನೆಗೆ ಹೋಗಿ ಒಬ್ಬಳೇ ಕುಣಿದಳು. ನಾನು ಬಾಗಿಲ ಸಂದಿಯಿಂದ ನೋಡಿದೆ. ಎದೆಯ ಮೇಲಿನ ಕಲ್ಲು ಇಳಿಯಿತು, ಜೊತೆಗೆ ಹಳೆಯ ಜಂಬವೂ ಮೆಲ್ಲಗೆ ವಾಪಸ್ಸು ಬಂತು.

ಸೋಮವಾರ ಕಚೇರಿಗೆ ಹೋದರೆ ಹಗ್ಗದ ಮೇಷ್ಟ್ರು ಅದೇ ಪುಟ ಹರಡಿಕೊಂಡು ಕುಳಿತಿದ್ದರು. ಲಿಫ್ಟಿನ ಉಕ್ಕಿನ ಹಗ್ಗವನ್ನು ಬೆರಳಲ್ಲಿ ಮುಟ್ಟಿಯೇ ಆಯುಸ್ಸು ಹೇಳುವ ಹಿರಿಯ ಸಹೋದ್ಯೋಗಿಗೆ ನಾವಿಟ್ಟ ಹೆಸರು ಅದು. ಒಂಬತ್ತು ವರ್ಷಗಳಿಂದ ನನ್ನ ಹೆಂಡತಿಯ ಪದಬಂಧವನ್ನು ಪೆನ್ಸಿಲ್ಲಿನಲ್ಲಿ, ಒಂದು ಚಿತ್ತೂ ಇಲ್ಲದೆ ತುಂಬುತ್ತಾ ಬಂದವರು.

“ಎಲ್ಲಾ ಆಯ್ತು, ಕೊನೇದೊಂದು ಉಳೀತು,” ಎಂದರು. “‘ಕಾಗದ ಹಾಕೆಂದರೆ ಕಂಪ್ಯೂಟರನ್ನೇ ಗುಡಿಸಿಡುವವನು. ಮನೆಗೊಬ್ಬನಿದ್ದರೆ ಸಾಕು.’ ಆರು ಮನೆ. ಮೊದಲನೇದು ಅ, ಮೂರನೇದು ಕ, ಕೊನೇದು ಗಿ. ಏನ್ರೀ ಇದು?”

“ಕೊಡಿ ಇಲ್ಲಿ! ಇದನ್ನ ಕುಟ್ಟಿದವನೇ ನಾನು, ನನಗೆ ಗೊತ್ತಿಲ್ವಾ?” ಎಂದು ಜೇಬಿನಿಂದ ಪೆನ್ನು ಎಳೆದೆ. ಸುಳಿವನ್ನು ಪೂರ್ತಿ ಓದುವ ವ್ಯವಧಾನ ಯಾರಿಗಿದೆ? ಅ, ಕ, ಗಿ. ಉತ್ತರ ತಾನಾಗಿಯೇ ಹೊಳೆಯಿತು. ಅವರು ಕೈ ಅಡ್ಡ ಹಿಡಿಯುವುದರೊಳಗೆ ಮೂರನೆಯ ಮನೆಯ ‘ಕ’ಕ್ಕೆ ಒಂದು ದೀರ್ಘ ಎಳೆದು, ಶಾಯಿಯಲ್ಲಿ ದಪ್ಪಗೆ ತುಂಬಿಯೇಬಿಟ್ಟೆ: ‘ಅಧಿಕಾರಿಯಾಗಿ’. ಆರಕ್ಕೆ ಆರು!

ಹಗ್ಗದ ಮೇಷ್ಟ್ರು ಪುಟವನ್ನು ಕಿತ್ತುಕೊಂಡು ನೋಡಿದರು. ಮುಖ ಕೆಂಪಾಯಿತು.

“ಮೇಲಿಂದ ಕೆಳಕ್ಕೆ ‘ಕಪಾಟು’ ಇತ್ತಲ್ರೀ! ಈಗ ‘ಕಾಪಾಟು’ ಆಯ್ತು! ಒಂದು ಚಿತ್ತಿಲ್ಲದೆ ಮಾಡ್ಕೊಂಡು ಬಂದಿದ್ದೆ! ಯಾರ್ರೀ ನಿಮ್ಮನ್ನ ಕೇಳಿದ್ದು ಪೆನ್ನಲ್ಲಿ ಬರೀರಿ ಅಂತ? ಎಂಥ ಅಧಿಕಪ್ರಸಂಗಿ ರೀ ನೀವು!”

ಹೇಳಿದವರು ಹಾಗೇ ನಿಂತರು. ನಾನೂ ನಿಂತೆ. ಅವರು ಎಡಗೈ ಬೆರಳು ಮಡಚುತ್ತಾ ಮೆಲ್ಲಗೆ ಎಣಿಸತೊಡಗಿದರು. ಅ, ಧಿ, ಕ, ಪ್ರ, ಸಂ. ಆ ಕೈಯ ಬೆರಳು ಮುಗಿದು, ಆರನೆಯದಕ್ಕೆ ಬಲಗೈ ಹೆಬ್ಬೆರಳು ಬೇಕಾಯಿತು.

“ನಿಮ್ಮ ಮನೆಯವರು ಭಾರಿ ಬುದ್ಧಿವಂತರು ಕಣ್ರೀ,” ಎಂದರು. “ಆರೂ ಮನೆಗೆ ನೀವೊಬ್ಬರೇ ಸರಿಯಾಗಿ ಕೂತ್ಕೊಂಡ್ರಿ!”