ಅಮಾವಾಸ್ಯೆಯ ಕಾಯಿ, ಅಕ್ಕನ ಹಲ್ಲು

ನಾನು ಓದಿದ್ದು ನಾಲ್ಕನೇ ಇಯತ್ತೆ. ತಪ್ಪು ಮಾಡುವುದಕ್ಕೆ ಅಷ್ಟು ಓದು ಸಾಕು. ಮಾಡಿದ ತಪ್ಪನ್ನು ಮುಚ್ಚಿಡುವುದಕ್ಕೆ ಅಷ್ಟೂ ಬೇಡ. ಆದರೆ ಅದೇ ತಪ್ಪನ್ನು ನಾಲ್ಕು ಜನರ ಜೊತೆ ಸೇರಿ ಹುಡುಕುವ ಕೆಲಸ ಬಂತೆಂದರೆ ಮಾತ್ರ ಯಾವ ಓದೂ ಸಾಲುವುದಿಲ್ಲ. ಕಳುವಾದ ಎಮ್ಮೆಯನ್ನು ಹುಡುಕುವ ಗುಂಪಿನಲ್ಲಿ ಕದ್ದವನೇ ಎಲ್ಲರಿಗಿಂತ ಮುಂದೆ ನಿಂತು ಎಮ್ಮೆಯ ಹೆಸರು ಹಿಡಿದು ಕೂಗಿದಂತೆ ಅದು. ನಾನು ಹಾಗೆ ಕೂಗಿದವನು.

ಎಪ್ಪತ್ತರ ದಶಕದ ಕೊನೆಯ ಮಾತು. ಹಾನಗಲ್ಲಿನ ಹೊರಗೆ, ಆಡೂರಿಗೆ ಹೋಗುವ ದಾರಿಯ ಮಗ್ಗುಲಿಗಿದ್ದ ಅಕ್ಕಿ ಗಿರಣಿಯಲ್ಲಿ ಭತ್ತ ಸುಲಿಯುವ ಯಂತ್ರ ನನ್ನ ಕೈಯಲ್ಲಿತ್ತು. ಯಂತ್ರವೆಂದರೆ ಎರಡು ರಬ್ಬರಿನ ಉರುಳೆ, ಅವುಗಳ ನಡುವೆ ಒಂದು ಸಂದು, ಅಷ್ಟೇ. ಸಂದು ಸಡಿಲಾದರೆ ಭತ್ತ ಸಿಪ್ಪೆ ಸಮೇತ ಹಾಗೇ ಹೊರಗೆ ಬೀಳುತ್ತದೆ. ಬಿಗಿಯಾದರೆ ಅಕ್ಕಿ ಮುರಿದು ನುಚ್ಚಾಗುತ್ತದೆ. ಸಂದನ್ನು ಹದಕ್ಕೆ ತರಲು ಬದಿಯಲ್ಲೊಂದು ಕಬ್ಬಿಣದ ಕೈಚಕ್ರವಿತ್ತು. ಅದರ ಮುಂದೆ ನಿಂತೆನೆಂದರೆ ನನಗೆ ಬಸ್ಸಿನ ಡ್ರೈವರನ ಗತ್ತು ಬರುತ್ತಿತ್ತು. ಬಸ್ಸು ಎಲ್ಲಿಗೂ ಹೋಗುತ್ತಿರಲಿಲ್ಲ ಎನ್ನುವುದು ಬೇರೆ ಮಾತು.

ಗಿರಣಿಗೆ ನನ್ನನ್ನು ಸೇರಿಸಿದವಳು ನಮ್ಮ ಅಕ್ಕ ನೀಲವ್ವ. ಅವಳು ಹೊರಗಿನ ಕಣದಲ್ಲಿ ಭತ್ತ ಒಣಗಿಸುತ್ತಿದ್ದಳು. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ, ಆದರೆ ಅವಳ ಬಾಯಲ್ಲೊಂದು ವಿದ್ಯೆ ಇತ್ತು. ಒಂದು ಕಾಳನ್ನು ಎಡದವಡೆಯಲ್ಲಿಟ್ಟು ಕಟ್ ಎನ್ನಿಸಿ, “ಇನ್ನ ಅರ್ಧಾ ತಾಸು ಬಿಸಿಲು ಬೇಕು” ಎಂದರೆ ಅರ್ಧ ತಾಸೇ. ಕಣಕ್ಕೆ ಒಬ್ಬ ಹಿರಿಯಾಳನ್ನು ನೇಮಿಸಬೇಕೆಂದು ಗಿರಣಿಯ ಸಾವುಕಾರರು ಯೋಚಿಸುತ್ತಿದ್ದರು. ಹೆಣ್ಣಾಳಿಗೆ ಆ ಜಾಗ ಹಿಂದೆಂದೂ ಸಿಕ್ಕಿರಲಿಲ್ಲ, ಆದರೂ ಎಲ್ಲರೂ ನೀಲವ್ವನ ಹೆಸರನ್ನೇ ಹೇಳುತ್ತಿದ್ದರು. ಅಷ್ಟರಲ್ಲಿ ನುಚ್ಚಿನ ಕಾಟ ಶುರುವಾಯಿತು. ತಿಂಗಳಲ್ಲಿ ನಾಲ್ಕೈದು ದಿನ ಅಕ್ಕಿಗಿಂತ ನುಚ್ಚೇ ಹೆಚ್ಚು, ಆಮೇಲೆ ತಾನಾಗಿಯೇ ಸರಿ, ಮುಂದಿನ ತಿಂಗಳು ಮತ್ತೆ ಅದೇ ಹಾಡು. ಭತ್ತ ಅತಿಯಾಗಿ ಒಣಗಿದರೂ ಅಕ್ಕಿ ಮುರಿಯುತ್ತದೆ. ಹಾಗಾಗಿ ಸಾವುಕಾರರ ಸಿಟ್ಟೆಲ್ಲ ಕಣದ ಕಡೆಗೆ ತಿರುಗಿತು. ಬೆಲ್ಟು ನೋಡಿಕೊಳ್ಳುವ ಫಕ್ಕೀರಪ್ಪನಂತೂ ಕಂಡಾಗೆಲ್ಲ, “ನೀಲವ್ವ, ಅಕ್ಕಿ ಗಿರಣಿ ಬೋರ್ಡು ತಗದು ರವಾ ಗಿರಣಿ ಅಂತ ಬರಸೂಣೇನ?” ಎಂದು ಕಾಡುತ್ತಿದ್ದ.

ಅಕ್ಕ ಮೊದಲು ನಗುತ್ತಿದ್ದಳು. ಆಮೇಲೆ ತನ್ನ ಹಲ್ಲಿನ ಮೇಲೆಯೇ ಅವಳಿಗೆ ಅನುಮಾನ ಬಂತು. ಒಂದು ದಿನ ಶಿಗ್ಗಾಂವಿಯ ಸಂತೆಗೆ ಹೋಗಿ ಹಲ್ಲು ಕೀಳುವವನ ಮುಂದೆ ಬಾಯಿ ತೆರೆದು ಕುಳಿತೇಬಿಟ್ಟಳು. ಜೊತೆಗೆ ಹೋದವನು ನಾನೇ. ಆತ ಅಲುಗಾಡಿಸಿ ನೋಡಿ, “ಬೇ, ಕಲ್ಲಿದ್ದಂಗ ಐತಿ. ಯಾಕ ತಗಸ್ತಿ?” ಎಂದ.

“ಗಟ್ಟಿ ಇದ್ರ ಏನ್ಮಾಡೋದು? ಸುಳ್ಳು ಹೇಳಾಕತ್ತೈತಿ. ತಗಿ.”

ಕಿತ್ತ ಹಲ್ಲನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಬಂದಳು. ಬಸ್ಸಿನಲ್ಲಿ ನಾನು ಕಿಟಕಿಯ ಆಚೆಗೇ ನೋಡುತ್ತ ಕುಳಿತೆ. ಯಾಕೆಂದರೆ ಸುಳ್ಳು ಹೇಳುತ್ತಿದ್ದುದು ಆ ಹಲ್ಲಲ್ಲವೆಂಬುದು ನನಗೆ ಗೊತ್ತಿತ್ತು.

ಈಗ ನನ್ನ ಕಾಯಿಯ ಕತೆ ಹೇಳಬೇಕು. ಪ್ರತಿ ಅಮಾವಾಸ್ಯೆಗೆ ಯಂತ್ರದ ಪೂಜೆ, ಕಾಯಿ ಒಡೆಯುವ ಮಾನ ನನ್ನದು. ಅಂಗಳದ ಕಲ್ಲಿನ ಮೇಲೆ ಒಡೆದು ಬಂದು ಯಂತ್ರದ ಮುಂದಿಡುವುದು ಪದ್ಧತಿ. ಆ ಕಲ್ಲು ಸವೆದು ಗುಂಡಗಾಗಿತ್ತು. ಒಮ್ಮೆ ಏಳು ಏಟು ಕೊಟ್ಟರೂ ಕಾಯಿ ಒಡೆಯಲಿಲ್ಲ. “ಬಸ್ಯಾ, ಕಾಯಿಗೆ ನೋವಾಗದಂಗ ಹೊಡ್ಯಾಕತ್ತೀಯೇನಲೇ?” ಎಂದ ಫಕ್ಕೀರಪ್ಪ. ಎಲ್ಲರೂ ನಕ್ಕರು. ಮುಂದಿನ ಅಮಾವಾಸ್ಯೆಗೆ ನಾನು, “ದೇವರಿಗೇ ನೇರ ಒಡಿತೇನಿ” ಎಂದು ಎಲ್ಲರಿಂದಲೂ ಕೈಮುಗಿಸಿ ಕಣ್ಣು ಮುಚ್ಚಿಸಿ, ಕೈಚಕ್ರದ ಅಂಚಿಗೆ ಕಾಯಿ ಬೀಸಿದೆ. ಒಂದೇ ಏಟಿಗೆ ಎರಡು ಹೋಳು! ಅಂದಿನಿಂದ ಗಿರಣಿಯಲ್ಲಿ ನನಗೆ ‘ಒಂದೇಟಿನ ಬಸಪ್ಪ’ ಎಂಬ ಬಿರುದು. ಎರಡನೆಯ ಸಲ ಹೊಡೆದಾಗ ಚಕ್ರ ಕೊಂಚ ತಿರುಗಿದ್ದು ಕಂಡಿತು. ಮರುದಿನ ಯಂತ್ರದ ದನಿಯೂ ಬೇರೆಯಾಗಿತ್ತು. ತಿರುಗಿಸಿ ಸರಿಮಾಡಬಹುದಿತ್ತು. ಮಾಡಿದರೆ ಯಾಕೆ ಮಾಡಿದೆ ಎನ್ನುತ್ತಾರೆ, ಹೇಳಿದರೆ ಬಿರುದು ಹೋಗುತ್ತದೆ. ಉಜ್ಜಿ ಉಜ್ಜಿ ರಬ್ಬರು ಸವೆದು ನಾಲ್ಕೈದು ದಿನಕ್ಕೆ ಸಂದು ತಾನೇ ಸಡಿಲಾಗುತ್ತಿತ್ತಲ್ಲ, ನಾನೂ ಸುಮ್ಮನಿದ್ದೆ.

ಆಗ ಹೊಸ ಮ್ಯಾನೇಜರು ಬಂದರು, ಪ್ರಹ್ಲಾದ ಸಾಹೇಬರು. ತಾತ ಮುತ್ತಾತಂದಿರು ಸಂಸ್ಕೃತ ಪಾಠ ಹೇಳಿದವರಂತೆ, ಇವರು ಯಂತ್ರದ ಪಾಠ ಕಲಿತು ಬಂದಿದ್ದರು. ನಮ್ಮನ್ನೆಲ್ಲ ಸೇರಿಸಿ ಕರಿಹಲಗೆಯ ಮೇಲೆ ‘ನುಚ್ಚು’ ಎಂದು ಬರೆದು, “ಇದು ಯಾಕಾತು ಅಂತ ಕೇಳೋದು. ಬಂದ ಉತ್ತರಕ್ಕೂ ಯಾಕ ಅಂತ ಕೇಳೋದು. ಹಿಂಗ ಐದು ಸಲ. ಉತ್ತರ ಕಣ್ಣೀಲೆ ಕಂಡದ್ದಿರಬೇಕು, ಯಾರ ಹೆಸರೂ ಹೇಳಬಾರದು” ಎಂದರು.

“ಹೆಸರು ಹೇಳದಂಗ ತಪ್ಪು ಹೇಳೋದಂದ್ರ ಹೆಂಗ್ರಿ?” ಎಂದ ಫಕ್ಕೀರಪ್ಪ. “ಗಂಡನ ಹೆಸರು ಹೇಳದ ಹೆಣ್ಮಕ್ಕಳಂಗ ಆತು ನಮ್ಮ ಬಾಳೇವು.”

ನನಗೆ ಆ ನಿಯಮ ಬಹಳ ಹಿಡಿಸಿತು. ಎಲ್ಲರಿಗಿಂತ ಉತ್ಸಾಹದಿಂದ, “ಗಾಳಿ ನೋಡೂಣ್ರಿ, ಭತ್ತದ ತಳಿ ನೋಡೂಣ್ರಿ, ಚೀಲ ನೋಡೂಣ್ರಿ” ಎಂದು ಎಮ್ಮೆಯ ಹೆಸರು ಕೂಗಿದ್ದು ಆಗಲೇ.

ಅಕ್ಕ ಮಾತ್ರ ಎದ್ದು, “ನನಗ ಬರಿಯಾಕ ಬರೂದಿಲ್ರಿ, ಗ್ವಾಡಿ ಮ್ಯಾಲ ಗುರುತು ಹಾಕೇನಿ” ಎಂದು ಎಲ್ಲರನ್ನೂ ಕಣಕ್ಕೆ ಕರೆದೊಯ್ದಳು. ಕೆಮ್ಮಣ್ಣಿನ ಗುರುತುಗಳು: ಒಳ್ಳೆಯ ದಿನಕ್ಕೆ ಉದ್ದಗೆರೆ, ಬೈಸಿಕೊಂಡ ದಿನಕ್ಕೆ ಅಡ್ಡಗೆರೆ, ಅಮಾವಾಸ್ಯೆಗೆ ಒಂದು ಬೊಟ್ಟು. ಸಾಹೇಬರು ಬೆರಳಿಟ್ಟು ಎಣಿಸುತ್ತ ಹೋದರು. ಆರು ಬೊಟ್ಟು. ಆರರ ಬೆನ್ನಿಗೂ ಅಡ್ಡಗೆರೆಗಳ ಸಾಲು.

“ಅಮಾಸಿ ದಿನ ಮಷೀನಿಗೆ ಏನು ಮಾಡ್ತೀರಿ?”

“ಪೂಜಾ ಮಾಡಿ ಕಾಯಿ ಒಡಿತೇವ್ರಿ,” ಎಂದಳು ಅಕ್ಕ ಹೆಮ್ಮೆಯಿಂದ. “ನಮ್ಮ ತಮ್ಮ ಒಂದ ಏಟಿಗೆ ಒಡಿತಾನ್ರಿ. ಸುತ್ತ ಹತ್ತು ಹಳ್ಯಾಗ ಹಂಗ ಒಡ್ಯಾವ್ರಿಲ್ಲ.”

ಸಾಹೇಬರು ಒಂದು ಕಾಯಿ ತರಿಸಿ ನನ್ನ ಕೈಗಿತ್ತರು. “ಹೆಂಗ ಒಡಿತೀ, ತೋರಸು.”

ನಾನು ಅಂಗಳದ ಕಲ್ಲಿಗೆ ಹೋದೆ. ಹೌದು, ಅಷ್ಟಾದ ಮೇಲೂ ಕಲ್ಲಿಗೇ ಹೋದೆ. ಒಂದು ಏಟು, ಎರಡು, ಮೂರು. ಕಾಯಿ ಪುಟಿದು ಫಕ್ಕೀರಪ್ಪನ ಕಾಲಬಳಿ ಉರುಳಿತು. “ಯಾಕೋ ಬಸ್ಯಾ, ಇವತ್ತ ಉಂಡಿಲ್ಲೇನು?” ಎಂದು ಅಕ್ಕ ಬಾಯ್ತುಂಬ ನಕ್ಕಳು. ನಕ್ಕಾಗ ಎಡಬದಿಯ ಆ ಖಾಲಿ ಜಾಗ ಕಂಡಿತು. ಕಾಯಿ ಎತ್ತಿಕೊಂಡು ಒಳಗೆ ನಡೆದೆ. ಎಲ್ಲರೂ ಹಿಂದೆ ಬಂದರು. ಈ ಸಲ ಯಾರಿಗೂ ಕಣ್ಣು ಮುಚ್ಚಲು ಹೇಳಲಿಲ್ಲ. ಚಕ್ರದ ಅಂಚಿಗೆ ಬೀಸಿದೆ. ಒಂದೇ ಏಟು. ಕಾಯಿ ಎರಡಾಯಿತು, ಚಕ್ರ ಬಿಗಿಯುವ ಕಡೆಗೆ ಎರಡು ಬೆರಳಿನಷ್ಟು ತಿರುಗಿತು.

ಸಾಹೇಬರು ಬಗ್ಗಿ, ಚಕ್ರವನ್ನು ಹಿಡಿದಿಡುವ ನಟ್ಟನ್ನು ಬೆರಳಿನಿಂದ ಅಲುಗಿಸಿ ನೋಡಿದರು. ಆಮೇಲೆ ಹಲಗೆಯ ಮೇಲೆ ಬರೆದರು: ನುಚ್ಚು ಯಾಕೆ, ಸಂದು ಬಿಗಿ. ಅದು ಯಾಕೆ, ಚಕ್ರ ತಿರುಗಿತು. ಅದು ಯಾಕೆ, ಹಿಡಿದಿಡುವ ನಟ್ಟು ಸವೆದಿದೆ, ಕಾಯಿಯ ಏಟು ಬಿತ್ತು. ಏಟು ಅಲ್ಲೇ ಯಾಕೆ? ಕಲ್ಲಿನಲ್ಲಿ ಒಡೆಯುವುದಿಲ್ಲ. ಕಲ್ಲಿನಲ್ಲಿ ಯಾಕೆ ಒಡೆಯುವುದಿಲ್ಲ? ಕಲ್ಲು ಸವೆದಿದೆ. ಕೊನೆಗೆ, “ನಟ್ಟು ಹೊಸಾದು ಹಾಕೂದು, ಕಲ್ಲು ಹೊಸಾದು ತರೂದು. ಭತ್ತ ಒಣಗಸೋದು ಈಗಿದ್ಹಂಗ ಇರಲಿ, ಬ್ಯಾರೆ ಏನೂ ಮುಟ್ಟಬ್ಯಾಡ್ರಿ” ಎಂದು ಕೈಯ ಸೀಮೆಸುಣ್ಣ ಝಾಡಿಸಿಕೊಂಡರು. ನನ್ನ ಹೆಸರು ಹಲಗೆಯ ಮೇಲೆ ಬರಲೇ ಇಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ಸಂಜೆ ಮನೆಗೆ ನಡೆಯುವಾಗ ಅಕ್ಕನಿಗೆ ನಾನೇ ಹೇಳಿದೆ. “ಅಕ್ಕಾ, ಚಕ್ರ ತಿರುಗೋದು ನನಗ ಮೊದಲ ಗೊತ್ತಿತ್ತು.”

“ಯಾವಾಗಿಂದ?”

“ಎರಡನೇ ಅಮಾಸಿಯಿಂದ.”

“ಹಲ್ಲು ತಗಸಿದ್ದು?”

“ನಾಲ್ಕನೇದು ಆದಮ್ಯಾಲ.”

ಅವಳು ಎಡಗೆನ್ನೆಯ ಮೇಲೆ ಕೈಯಿಟ್ಟುಕೊಂಡು ಕೆರೆಯ ಏರಿ ದಾಟಿದಳು. ಆಮೇಲೆ, “ಒಳ್ಳೇ ಹಲ್ಲಿತ್ತೋ ಅದು,” ಎಂದಳು. ಇನ್ನಷ್ಟು ದೂರ ಹೋಗಿ, “ಪಾಪ, ಸುಳ್ಳಬುರಕಿ ಅಂದೆ ಅದಕ್ಕ” ಎಂದಳು. ನನ್ನನ್ನು ಅಂದಿದ್ದರೆ ತಡೆದುಕೊಳ್ಳುತ್ತಿದ್ದೆ.

ಮುಂದಿನ ಅಮಾವಾಸ್ಯೆ ಕಳೆದು ಹತ್ತು ದಿನವಾದರೂ ಗೋಡೆಯ ಮೇಲೆ ಒಂದೂ ಅಡ್ಡಗೆರೆ ಬೀಳಲಿಲ್ಲ. ಸಾವುಕಾರರು ನೀಲವ್ವನನ್ನು ಕಣದ ಹಿರಿಯಾಳು ಮಾಡಿದರು. ಅವಳು ಬಲದವಡೆಗೆ ಅದೇ ವಿದ್ಯೆ ಕಲಿಸಿದಳು. ಒಂದು ತಿಂಗಳಲ್ಲಿ ಅದೂ ಅರ್ಧ ತಾಸು, ಕಾಲು ತಾಸು ಎನ್ನತೊಡಗಿತು.

ಇದಾಗಿ ಐದಾರು ವರ್ಷವಾಯಿತು. ಕಾಯಿ ಒಡೆಯುವ ಮಾನವನ್ನು ಅಕ್ಕ ನನ್ನಿಂದ ಕಸಿದುಕೊಂಡಿಲ್ಲ, ಅದೇ ಅವಳು ಕೊಟ್ಟ ಶಿಕ್ಷೆ. ಹೊಸ ಕಲ್ಲಿದ್ದರೂ ನನಗೆ ಮೂರು ನಾಲ್ಕು ಏಟು ಬೇಕು, ಫಕ್ಕೀರಪ್ಪ ದೊಡ್ಡ ದನಿಯಲ್ಲಿ ಎಣಿಸುತ್ತಾನೆ. ಒಡೆದ ಮೇಲೆ ಅಕ್ಕ ತನ್ನ ಪಾಲಿನ ಕೊಬ್ಬರಿಯನ್ನೂ ನನಗೇ ಕೊಟ್ಟು, “ನೀನ ತಿನ್ನಪಾ, ನನಗ ಆ ಕಡೆ ಹಲ್ಲಿಲ್ಲ” ಎಂದು ನಾನು ಅಗಿದು ಮುಗಿಸುವ ತನಕ ನೋಡುತ್ತ ನಿಲ್ಲುತ್ತಾಳೆ. ಕಳೆದ ತಿಂಗಳು ಸಾಹೇಬರು ಕೈಚಕ್ರಕ್ಕೆ ದಪ್ಪ ತಗಡಿನ ಕವಚ ಮಾಡಿಸಿ ಹಾಕಿದ್ದಾರೆ. ಅದರ ಅಂಚು ಬಹಳ ಹರಿತ, ಕಾಯಿ ಒಂದೇ ಏಟಿಗೆ ಎರಡಾಗುವಂಥದ್ದು. ಎರಡು ದಿನ ನೋಡಿದೆ, ಮೂರನೆಯ ದಿನ ಹೋಗಿ ಅಕ್ಕನಿಗೆ ಹೇಳಿಬಿಟ್ಟೆ. ಅವಳು ಒಂದು ಗೋಣಿಚೀಲ ತಂದು ಅದಕ್ಕೆ ಹೊದಿಸಿ, ಎರಡು ಗಂಟು ಹಾಕಿದಳು.