ಬೇಡ ಅಂದರೂ ಒದ್ದ ಚೆಂಡು

ಮಾಡಬೇಡಿ ಅಂದದ್ದನ್ನೇ ಮಾಡುವವರ ಹಿಂದೆ ತಮಾಷೆ ನಾಯಿಮರಿಯ ಹಾಗೆ ಓಡಿಬರುತ್ತೆ, ಅಟ್ಟಿದರೂ ಹೋಗಲ್ಲ. ಎಪ್ಪತ್ತರ ದಶಕದಲ್ಲಿ ನಾನು ಹೊಸದುರ್ಗ ತಾಲ್ಲೂಕಿನ ಶ್ರೀರಾಂಪುರದ ಕಡೆಯ ಒಂದು ಹೈಸ್ಕೂಲಿನಲ್ಲಿ ಡ್ರಿಲ್ ಟೀಚರಾಗಿದ್ದೆ. ಹುಡುಗಿಯರಿಗೆ ಫುಟ್‌ಬಾಲ್ ಕಲಿಸುತ್ತೇನೆ ಅಂತ ಹೊರಟೆ. ನಾನು ಮಾಡಿದ್ದು ಅದೊಂದೇ. ಉಳಿದದ್ದೆಲ್ಲ ತಾನಾಗಿಯೇ ಆಯಿತು.

೧. ಬೀರುವಿನೊಳಗಿನ ಚೆಂಡು

ಶಾಲೆಯಲ್ಲಿ ಇದ್ದದ್ದು ಒಂದೇ ಫುಟ್‌ಬಾಲು. ಚರ್ಮದ್ದು, ಬಾಯಿಗೆ ಬೂಟಿನ ಹಾಗೆ ಲೇಸು ಕಟ್ಟಿದ್ದು. ಅದನ್ನು ಹೆಡ್ ಮೇಷ್ಟ್ರು ತಮ್ಮ ಕೋಣೆಯ ಬೀರುವಿನಲ್ಲಿ ಗ್ಲೋಬಿನ ಪಕ್ಕ ಇಟ್ಟು ಬೀಗ ಹಾಕಿದ್ದರು. ಹೊರಗೆ ತೆಗೆದರೆ ಯಾರಾದರೂ ಒದ್ದುಬಿಟ್ಟಾರು ಅನ್ನುವುದು ಅವರ ಭಯ.

"ಸಾರ್, ಚೆಂಡು ಬೇಕಿತ್ತು. ಹುಡುಗೀರಿಗೆ."

ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಹುಡುಗೀರಿಗೆ ರಿಂಗು ಐತಲ್ಲಮ್ಮ. ಖೋಖೋ ಐತೆ. ಕುಂಟಾಟ ಐತೆ."

"ಅವನ್ನೆಲ್ಲ ಆಡಿ ಬೇಜಾರಾಗೈತಂತೆ ಸಾರ್."

"ಕಾಲೆತ್ತಿ ಒದೆಯೋದು ಹೆಣ್ಮಕ್ಕಳಿಗೆ ಲಕ್ಷಣ ಅಲ್ಲ. ನಾಳೆ ಮದುವೆಯಾಗಿ ಹೋಗೋರು. ಹೋದ ಮನೇಲಿ ಗಂಡನ್ನ ಒದ್ದರೆ ಜನ ನನ್ನ ಹೆಸರು ಹೇಳ್ತಾರೆ."

"ಕಲಿಸೋಳು ನಾನಲ್ವಾ ಸಾರ್? ನನ್ನ ಹೆಸರೇ ಹೇಳಲಿ ಬಿಡಿ, ನಾನು ಇಲ್ಲ ಅನ್ನಲ್ಲ."

ಅಷ್ಟರಲ್ಲಿ ಹೆಡ್ ಮೇಷ್ಟ್ರ ಹೆಂಡತಿ ಊಟದ ಕ್ಯಾರಿಯರ್ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಎಷ್ಟು ಹೊತ್ತಿನಿಂದ ಕೇಳಿಸಿಕೊಂಡಿದ್ದರೋ ಗೊತ್ತಿಲ್ಲ. ಕ್ಯಾರಿಯರನ್ನು ಮೇಜಿನ ಮೇಲೆ ಟಣ್ ಅಂತ ಇಟ್ಟು ಹೇಳಿದರು:

"ತೆಗೆದು ಕೊಡ್ರಿ ಅವರಿಗೆ. ಗಂಡನ್ನ ಒದೆಯೋರು ಚೆಂಡಿಲ್ದಿದ್ರೂ ಒದೀತಾರೆ."

ಬೀಗ ತೆಗೆಯಲು ಹೆಡ್ ಮೇಷ್ಟ್ರು ಎದ್ದ ವೇಗ ನೋಡಿದ ಮೇಲೆ ಆ ಮನೆಯ ಬಗ್ಗೆ ನಾನು ಯಾವತ್ತೂ ಏನೂ ಕೇಳಲಿಲ್ಲ.

೨. ಕುಂಬಳಕಾಯಿ

ಆಟದ ಮೂಲಪಾಠ ಹೇಳಲು ಐದು ನಿಮಿಷ ಸಾಕು. ಆ ಕಡೆ ಹನ್ನೊಂದು ಜನ, ಈ ಕಡೆ ಹನ್ನೊಂದು ಜನ. ಚೆಂಡನ್ನು ಎದುರಾಳಿಯ ಗೋಲಿನೊಳಗೆ ಕಳಿಸಬೇಕು. ಗೋಲು ಕಾಯುವವಳನ್ನು ಬಿಟ್ಟು ಆಡುವಾಗ ಬೇರೆ ಯಾರೂ ಚೆಂಡಿಗೆ ಕೈ ಹಾಕಬಾರದು.

ನಮ್ಮ ಹುಡುಗಿಯರಲ್ಲಿ ಹೆಚ್ಚಿನವರು ಕುರಿ ಸಾಕುವ ಮನೆಯವರು. ತಪ್ಪಿಸಿಕೊಂಡ ಟಗರಿನ ಹಿಂದೆ ಕಲ್ಲು ಮುಳ್ಳು ಅನ್ನದೆ ಓಡಿ ಬೆಳೆದವರು. ಓಡಿ ಅಂತ ನಾನು ಹೇಳಿಕೊಡಬೇಕಾದ್ದೇ ಇರಲಿಲ್ಲ. ತೊಂದರೆ ಇದ್ದದ್ದು ಕೈಯದು. ಚೆಂಡು ಎದೆಮಟ್ಟ ಬಂದರೆ ಸಾಕು, ಕೊಡ ಹಿಡಿಯುವ ಹಾಗೆ ತಬ್ಬಿ ಹಿಡಿಯುತ್ತಿದ್ದರು. ಅದಕ್ಕೇ ಕೆಲವು ದಿನ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಆಡಿ ಅಂದೆ.

ಒಂದು ಬೆಳಿಗ್ಗೆ ಒಬ್ಬ ಹುಡುಗಿಯ ತಾಯಿ ಜಗಳಕ್ಕೆ ಬಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡೇ ಬಂದಿದ್ದಳು.

"ಏನ್ ಕಲಿಸ್ತಿದೀರಿ ಟೀಚರಮ್ಮ? ನನ್ನ ಮಗಳಿಗೆ ಕೈ ಅವೆ ಅನ್ನಾದೇ ಮರ್ತೋಗೈತೆ. ಬಾಗಿಲನ್ನ ಕಾಲಲ್ಲಿ ತಳ್ತಾಳೆ. ನಿನ್ನೆ ಕುಂಬಳಕಾಯಿ ತಗಂಬಾರೇ ಅಂದ್ರೆ ಪಡಸಾಲೆಯಿಂದ ಒಲೆಗಂಟ ಒದ್ಕಂಡೇ ತಂದ್ಳು!"

"ಮಧ್ಯೆ ಹೊಸ್ತಿಲು ಐತಲ್ಲಮ್ಮ. ಅಲ್ಲೇನು ಮಾಡಿದ್ಲು?"

"ಪಾದದ ಮೇಲೆ ತಗಂಡು ಮೆತ್ತಗೆ ಹಾರಿಸಿದ್ಲು."

"ಒಡೀತಾ?"

"ಎಲ್ಲೀದು! ಹೂವಿನಂಗೆ ಬಂದು ಒಲೆ ಮುಂದೆ ಕುಂತ್ಕಂತು ಕಣ್ರಿ!"

ಇಷ್ಟು ಹೇಳುವ ಹೊತ್ತಿಗೆ ಅವಳ ದನಿಯಲ್ಲಿ ಜಗಳ ಹೋಗಿ ಹೆಮ್ಮೆ ಬಂದಿತ್ತು. ಆ ಹುಡುಗಿಯನ್ನು ಅವತ್ತೇ ಸೆಂಟರ್ ಫಾರ್ವರ್ಡ್ ಮಾಡಿದೆ. ಅಂದರೆ ಗೋಲು ಹೊಡೆಯಲು ಎಲ್ಲರಿಗಿಂತ ಮುಂದೆ ನಿಲ್ಲುವವಳು ಅಂತ ತಾಯಿಗೆ ವಿವರಿಸಿದೆ. ಅವಳು ತಲೆಯಾಡಿಸಿ ಗೇಟಿನವರೆಗೆ ಹೋಗಿ, ಏನೋ ನೆನಪಾಗಿ ತಿರುಗಿದಳು.

"ಎಲ್ಲಿ ಬೇಕಾದ್ರೂ ನಿಲ್ಲಿಸ್ಕಳ್ರಿ. ಸಾರಿಗೆ ಉಪ್ಪು ಹಾಕಾವಾಗ ಮಾತ್ರ ಕೈ ಬಳಸು ಅಂತ ಒಂದು ಮಾತು ಹೇಳ್ರಿ!"

೩. ಇನ್‌ಸ್ಪೆಕ್ಟರಿಗೆ ಚರಿತ್ರೆ

ಯಾರೋ ಅರ್ಜಿ ಹಾಕಿದರು ಅಂತ ಕಾಣುತ್ತೆ, ಚಿತ್ರದುರ್ಗದಿಂದ ಶಾಲಾ ಇನ್‌ಸ್ಪೆಕ್ಟರು ಬಂದರು. ಹುಡುಗಿಯರ ತರಗತಿಗೆ ಹೋಗಿ ಕುರ್ಚಿ ಎಳೆದುಕೊಂಡು ಕೂತರು. ಹೆಡ್ ಮೇಷ್ಟ್ರು ಪಕ್ಕದಲ್ಲಿ ಕೈಕಟ್ಟಿ ನಿಂತರು. ನಾನು ಕೈಕಟ್ಟಲಿಲ್ಲ.

"ಹೆಂಗಸರು ಫುಟ್‌ಬಾಲ್ ಆಡಿದ್ದಕ್ಕೆ ಚರಿತ್ರೆಯಲ್ಲಿ ಏನಾದರೂ ಆಧಾರ ಇದೆಯೇನಮ್ಮ?" ಅಂತ ನನ್ನನ್ನು ಕೇಳಿದರು.

"ಅವರನ್ನೇ ಕೇಳಿ ಸಾರ್" ಅಂದೆ.

ಕೊನೆ ಬೆಂಚಿನ ಒಬ್ಬಳು ಎದ್ದಳು. ಮಳೆ ಬಂದು ಆಟ ನಿಂತ ದಿನಗಳಲ್ಲಿ ನಾನು ಹೇಳಿದ್ದನ್ನೆಲ್ಲ ನುಂಗಿಕೊಂಡಿದ್ದವಳು ಅವಳು.

"ಇಂಗ್ಲೆಂಡಲ್ಲಿ ಮೊದಲು ಊರಿಗೂರೇ ಸೇರಿ ಚೆಂಡು ಒದೀತಿತ್ತಂತೆ ಸಾರ್. ಇಷ್ಟೇ ಜನ ಅಂತ ಇರ್ಲಿಲ್ಲ. ರಾಜರು ನಿಲ್ಲಿಸಿ ಅಂದ್ರೂ ಜನ ನಿಲ್ಲಿಸಲಿಲ್ಲ. ಆಮೇಲೆ ಓದಿದೋರು ಸೇರಿ ಕಾನೂನು ಬರೆದ್ರು. ಕೈಯಲ್ಲಿ ಹಿಡ್ಕಂಡೇ ಓಡ್ತೀವಿ ಅಂದೋರು ಬ್ಯಾರೆ ಆಟ ಮಾಡ್ಕಂಡು ರಗ್ಬಿ ಅಂತ ಹೆಸರಿಟ್ಕಂಡ್ರು."

"ಅದೆಲ್ಲ ಗಂಡಸರದ್ದಾಯಿತು."

"ಮೊದಲನೇ ಮಹಾಯುದ್ಧದಾಗೆ ಗಂಡಸರು ಹೋದ್ರಲ್ಲ ಸಾರ್, ಆಗ ಫ್ಯಾಕ್ಟರಿ ಹೆಂಗಸರು ತಂಡ ಕಟ್ಟಿ ಆಡಿದ್ರು. ಅದನ್ನ ನೋಡಾಕೆ ಜನ ಮುಗಿಬಿದ್ರು. ಯುದ್ಧ ಮುಗಿದ ಮ್ಯಾಲೆ ಇದು ಹೆಂಗಸರ ಮೈಗೆ ಒಗ್ಗಲ್ಲ ಅಂತ ಮೈದಾನ ಕೊಡೋದು ನಿಲ್ಲಿಸಿದ್ರು. ಐವತ್ತು ವರ್ಷ ಕೊಡಲಿಲ್ಲ. ಈಗೀಗ ಬಿಟ್ಟವ್ರೆ."

ಇನ್‌ಸ್ಪೆಕ್ಟರು ಗಂಟಲು ಸರಿಮಾಡಿಕೊಂಡರು. "ಐವತ್ತು ವರ್ಷ ಯಾಕೆ ಬೇಕಾಯಿತು ಅವರಿಗೆ?"

"ತಪ್ಪು ತಿಳ್ಕಳಾಕೆ ದೊಡ್ಡೋರಿಗೆ ಟೈಮ್ ಬೇಕಲ್ಲ ಸಾರ್. ಆದ್ರೂ ನಮ್ಮ ಹೆಡ್ ಮೇಷ್ಟ್ರು ಭಾಳ ವಾಸಿ. ಒಂದೇ ದಿನದಾಗೆ ತಿಳ್ಕಂಡ್ರು."

ಇದು ಹೊಗಳಿಕೆಯೋ ಬೈಗುಳವೋ ಗೊತ್ತಾಗದೆ ಹೆಡ್ ಮೇಷ್ಟ್ರು ನಮಸ್ಕಾರ ಮಾಡಿಬಿಟ್ಟರು. ಯಾರಿಗೆ ಮಾಡಿದರು ಅನ್ನುವುದು ಇವತ್ತಿಗೂ ಇತ್ಯರ್ಥವಾಗಿಲ್ಲ.

೪. ಹಿರಿಯೂರಿನ ಜೇಬುಗಳು

ಲಂಗ ಉಟ್ಟುಕೊಂಡು ಫುಟ್‌ಬಾಲ್ ಆಡುವುದು ಸುಳ್ಳು. ಒದೆಯಲು ಹೋದರೆ ಮೊದಲು ಲಂಗವೇ ಕಾಲಿಗೆ ಸಿಗುತ್ತೆ. ನನ್ನ ತವರು ಹಿರಿಯೂರು. ಅಲ್ಲಿ ಗುರುತಿನ ಒಬ್ಬ ವಯಸ್ಸಾದ ಟೈಲರ್ ಇದ್ದ. ಅವನ ಹತ್ತಿರ ಹೋದೆ.

"ಹುಡುಗೀರಿಗೆ ಚಡ್ಡಿ ಹೊಲಿದ್ರೆ ನಾನು ಈ ಊರಲ್ಲಿ ಅಂಗಡಿ ಇಡಾಕಾಗಲ್ಲ ತಾಯಿ" ಅಂದ.

"ಹಂಗಾದ್ರೆ ಪೈಜಾಮ ಹೊಲೀರಿ. ಮೊಣಕಾಲು ದಾಟತಿದ್ದಂಗೆ ಬಟ್ಟೆ ಮುಗಿದೋಯ್ತು ಅಂತ ಹೇಳ್ರಿ."

ಅವನು ಅಳತೆಯ ಟೇಪು ಕೊರಳಿಗೆ ಹಾಕಿಕೊಂಡು, "ಬಟ್ಟೆ ಮುಗಿಯಾದು ಯಾರ ಕೈಯಾಗೂ ಇಲ್ಲ" ಅಂತ ಒಪ್ಪಿಕೊಂಡ. ಆದರೆ ಜೀವಮಾನವೆಲ್ಲ ಗಂಡಸರ ಬಟ್ಟೆ ಹೊಲಿದ ಕೈ. ರೂಢಿಯಲ್ಲಿ ಎಲ್ಲಕ್ಕೂ ಎರಡೆರಡು ಆಳವಾದ ಜೇಬು ಇಟ್ಟುಬಿಟ್ಟ. ನಮ್ಮ ಹುಡುಗಿಯರು ಹುಟ್ಟಿದಂದಿನಿಂದ ಜೇಬು ಕಂಡವರಲ್ಲ. ಪ್ಯಾಂಟು ಸಿಕ್ಕಿದ್ದಕ್ಕಿಂತ ಜೇಬು ಸಿಕ್ಕಿದ್ದೇ ಅವರಿಗೆ ದೊಡ್ಡ ಸಂಭ್ರಮ.

ಹಿರಿಯೂರಿನಲ್ಲಿ ನನ್ನ ಹಾಗೆಯೇ ಹಟದ ಇನ್ನೊಬ್ಬ ಟೀಚರ್ ಇದ್ದಳು. ಅವಳ ಹುಡುಗಿಯರ ಜೊತೆ ನಮ್ಮ ಮೊದಲ ಪಂದ್ಯ. ಆಟ ಪೂರ್ತಿ ಅವರ ಗೋಲಿನ ಮುಂದೆಯೇ ನಡೆಯುತ್ತಿತ್ತು. ನಮ್ಮ ಗೋಲ್‌ಕೀಪರಿಗೆ ಕೆಲಸವೇ ಇರಲಿಲ್ಲ. ಅಷ್ಟರಲ್ಲಿ ಅವರಲ್ಲೊಬ್ಬಳು ತೋಚಿದ ಹಾಗೆ ಒಂದು ಒದ್ದಳು. ಚೆಂಡು ನೆಲದ ಮೇಲೆ ಉರುಳಿ ಉರುಳಿ ಬಂತು. ಆಮೆಯೂ ಹಿಡಿಯಬಹುದಾಗಿದ್ದ ಚೆಂಡು. ನಮ್ಮವಳು ಅದನ್ನೇ ನೋಡುತ್ತ ನಿಂತಳು. ಗೋಲಾಯಿತು. ಓಡಿ ಹೋದೆ.

"ಕೈ ಎಲ್ಲಿತ್ತೇ ನಿಂದು?"

ಅವಳ ಬಾಯಿ ತುಂಬ ಹುರಿದ ಶೇಂಗಾ. ಕಷ್ಟಪಟ್ಟು ನುಂಗಿ, "ಜೇಬಲ್ಲಿತ್ತು ಟೀಚರ್" ಅಂದಳು.

"ಲೇ, ಇಡೀ ತಂಡದಲ್ಲಿ ಕೈ ಬಳಸೋ ಹಕ್ಕಿರೋದು ನಿನಗೊಬ್ಬಳಿಗೇ ಕಣೇ!"

"ಬಳಸ್ತಾನೇ ಇದ್ನಲ್ಲ ಟೀಚರ್!"

೫. ಕಪ್ಪಿಗೆ ಟಿಕೆಟು

ಒಂದು ಭಾನುವಾರ ಚಂದ್ರವಳ್ಳಿ ತೋರಿಸುತ್ತೇನೆ ಅಂತ ತಂಡವನ್ನು ಚಿತ್ರದುರ್ಗಕ್ಕೆ ಕರೆದುಕೊಂಡು ಹೋದೆ. ಚಂದ್ರವಳ್ಳಿ ತೋರಿಸಿದೆ, ಸುಳ್ಳಲ್ಲ. ಅದಾದ ಮೇಲೆ ಊರೊಳಗೆ ಒಂದು ಯುವಕರ ಸಂಘ ನಡೆಸುತ್ತಿದ್ದ ಫುಟ್‌ಬಾಲ್ ಪಂದ್ಯದ ಫೈನಲ್ ನೋಡಲು ಹೋದೆವು.

ಹೊಳಲ್ಕೆರೆ ಹುಡುಗರ ತಂಡ ಬೂಟು ಕಟ್ಟಿಕೊಂಡು ನಿಂತಿತ್ತು. ಎದುರಾಳಿಗಳು ಬರುತ್ತಿದ್ದ ಲಾರಿ ದಾರಿಯಲ್ಲಿ ಕೆಟ್ಟು ನಿಂತಿತ್ತು. ಬಿಸಿಲಲ್ಲಿ ಕಾದ ಜನ ಶಿಳ್ಳೆ ಹೊಡೆಯುತ್ತಿದ್ದರು. ಸಂಘದ ಅಧ್ಯಕ್ಷರು ಮೈಕಿನ ಮುಂದೆ ಬೆವರುತ್ತಿದ್ದರು. ನಾನು ಹೋಗಿ, "ನಮ್ಮ ಹುಡುಗೀರು ಆಡ್ತಾರೆ" ಅಂದೆ.

ಅವರು ಮೊದಲು ನಕ್ಕರು. ಆಮೇಲೆ ಜನರ ಕಡೆ ನೋಡಿ ನಗು ನಿಲ್ಲಿಸಿದರು. ಮೈಕಿನಲ್ಲಿ, "ಇವತ್ತು ವಿಶೇಷ! ಹೊಳಲ್ಕೆರೆ ಹುಡುಗರಿಗೂ ಹೊಸದುರ್ಗದ ಕಡೆಯ ಹುಡುಗೀರಿಗೂ ಫೈನಲ್. ಗೆದ್ದೋರಿಗೆ ಕಪ್ಪು!" ಅಂತ ಕೂಗಿದರು. ಜನ ಕುಣಿದಾಡಿಬಿಟ್ಟರು.

ರೆಫರಿ ನಮ್ಮವರ ಪಾದ ನೋಡಿ, "ಬೂಟು ಎಲ್ಲಿ?" ಅಂದ.

"ಇಂಗ್ಲಿಷರ ಕಾಲದಲ್ಲಿ ಕಲ್ಕತ್ತೆಯ ತಂಡ ದೊರೆಗಳ ಪಲ್ಟನ್ ತಂಡವನ್ನ ಫುಟ್‌ಬಾಲಲ್ಲಿ ಸೋಲಿಸಿದಾಗ ಹೆಚ್ಚಿನೋರು ಬರಿಗಾಲಲ್ಲೇ ಇದ್ರು. ಅವತ್ತಿನ ರೆಫರಿ ಕೇಳಲಿಲ್ಲ, ನೀವ್ಯಾಕೆ ಕೇಳ್ತೀರಿ?" ಅಂದೆ. ಅವನು ಸೀಟಿ ಊದಿಬಿಟ್ಟ.

ಮೊದಲರ್ಧದಲ್ಲಿ ಹೊಳಲ್ಕೆರೆ ಹುಡುಗರು ಪಾಪ, ನಮ್ಮವರ ಹತ್ತಿರವೇ ಬರಲಿಲ್ಲ. ಮೈ ತಾಗೀತು ಅಂತ ನಾಚಿ ದೂರ ದೂರ ಸರಿದರು. ನಮ್ಮ ಸೆಂಟರ್ ಫಾರ್ವರ್ಡ್ ಬಾಗಿಲು ತೆರೆದ ಮನೆಗೆ ನುಗ್ಗಿದ ಹಾಗೆ ನುಗ್ಗಿ ಗೋಲು ಹೊಡೆದಳು. ಅವರ ಮೇಷ್ಟ್ರು ತಡೆಯಲಾರದೆ ಕೂಗಿದರು: "ಏನ್ ನೋಡ್ತಾ ನಿಂತಿದೀರೋ? ಮೇಲೆ ಬೀಳ್ರೋ!"

ಬೇಲಿಯಾಚೆಯಿಂದ ಹೂವಿನವಳೊಬ್ಬಳು ಬುಟ್ಟಿ ಕೆಳಗಿಟ್ಟು ಎದ್ದಳು. "ಯಾರ ಮೇಲೆ ಬೀಳಬೇಕು ಮೇಷ್ಟ್ರೇ? ಇನ್ನೊಂದ್ಸಲ ಹೇಳ್ರಿ ನೋಡಾಣ!" ಮೇಷ್ಟ್ರು ಬೇಲಿ ಬಿಟ್ಟು ಮೈದಾನದ ಆ ತುದಿಗೆ ಹೋಗಿ ನಿಂತರು.

ಎರಡನೇ ಅರ್ಧದಲ್ಲಿ ಹುಡುಗರು ನಾಚಿಕೆ ಬಿಟ್ಟರು. ಚೆನ್ನಾಗಿಯೇ ಆಡಿ ಒಂದು ಗೋಲು ಹೊಡೆದು ಸಮ ಮಾಡಿದರು. ಇಲ್ಲಿ ಸೋತರೆ "ಹೇಳಲಿಲ್ವಾ?" ಅನ್ನುವ ಬಾಯಿಗಳು ಎಷ್ಟಿವೆ ಅಂತ ನನಗೆ ಗೊತ್ತಿತ್ತು. ಕೊನೆಯ ಗಳಿಗೆಯಲ್ಲಿ ನಮ್ಮ ಸೆಂಟರ್ ಫಾರ್ವರ್ಡಿಗೆ ಚೆಂಡು ಸಿಕ್ಕಿತು. ಇಬ್ಬರು ಹುಡುಗರನ್ನು ದಾಟಿ, ಗೋಲ್‌ಕೀಪರ್ ಮುಂದೆ ಬಂದದ್ದು ಕಂಡು, ಚೆಂಡನ್ನು ಮೆತ್ತಗೆ ಅವನ ತಲೆಯ ಮೇಲಿಂದ ಎತ್ತಿ ಗೋಲಿನೊಳಗೆ ಹಾಕಿದಳು. ಮೊದಲರ್ಧ ಅವರು ನಾಚಿಕೆಯಿಂದ ಸೋತರು ಅಂತಲೇ ಇಟ್ಟುಕೊಳ್ಳಿ. ಎರಡನೇ ಅರ್ಧದಲ್ಲಿ ನಾಚಿಕೆ ಬಿಟ್ಟು ಆಡಿಯೂ ಪಂದ್ಯ ಸೋತರು.

ಕಪ್ಪು ಕೊಡುವ ಹೊತ್ತಿಗೆ ಅಧ್ಯಕ್ಷರು ಮಾತು ಬದಲಾಯಿಸಿದರು. "ಇದು ಬರೀ ಪ್ರದರ್ಶನ ಪಂದ್ಯ. ಎದುರಾಳಿಗಳು ಬಾರದ ಕಾರಣ ಕಪ್ಪು ಹೊಳಲ್ಕೆರೆಗೆ."

ನಾನು ಜಗಳಕ್ಕೆ ವೇದಿಕೆ ಹತ್ತುತ್ತಿದ್ದೆ. ನಮ್ಮ ಕ್ಯಾಪ್ಟನ್ ನನಗಿಂತ ಮೊದಲು ಹತ್ತಿ ಮೈಕಿನ ಮುಂದೆ ನಿಂತಿದ್ದಳು.

"ಪ್ರದರ್ಶನ ಅಂದ್ರೆ ಏನ್ ಸಾರ್?"

"ಅಂದ್ರೆ... ಜನ ನೋಡಾಕಷ್ಟೇನಮ್ಮ. ಲೆಕ್ಕಕ್ಕಿಲ್ಲ."

"ಎಲ್ರೂ ನೋಡಿದ್ರಲ್ಲ, ಸಾಕು ಬಿಡ್ರಿ. ಕಪ್ಪು ನೀವೇ ಇಟ್ಕಳ್ರಿ."

ಮೈದಾನ ಹೊತ್ತಿಕೊಂಡ ಹಾಗೆ ಶಿಳ್ಳೆ ಎದ್ದಿತು.

ಹೊಸದುರ್ಗದ ಬಸ್ಸು ಹೊಳಲ್ಕೆರೆ ಮೇಲೆಯೇ ಹೋಗಬೇಕು. ಎರಡೂ ತಂಡ ಒಂದೇ ಬಸ್ಸು. ಹುಡುಗರು ಕಪ್ಪನ್ನು ಸೀಟಿನ ಕೆಳಗೆ ತಳ್ಳಿ ತಲೆ ತಗ್ಗಿಸಿ ಕೂತಿದ್ದರು. ನಮ್ಮ ಹುಡುಗಿಯರ ಗಲಾಟೆಗೆ ಬಸ್ಸಿನ ತಗಡು ಅದುರುತ್ತಿತ್ತು. ಟಿಕೆಟು ಹರಿಯುತ್ತ ಬಂದ ಕಂಡಕ್ಟರಿಗೆ ತಲೆಬುಡ ಅರ್ಥವಾಗಲಿಲ್ಲ.

"ಏನ್ರಪ್ಪಾ, ಕಪ್ಪು ನಿಮ್ಮತ್ರ ಐತೆ, ಖುಷಿ ಅವರತ್ರ ಐತೆ! ಗೆದ್ದೋರು ಯಾರು?"

ಹುಡುಗರ ಕ್ಯಾಪ್ಟನ್ ನಿಯತ್ತಿನವನು. ನೆಲ ನೋಡುತ್ತ ಹೇಳಿದ: "ಗೆದ್ದೋರು ಅವ್ರು. ಕಪ್ಪು ನಮಗೆ ಕೊಟ್ರು."

ಕಂಡಕ್ಟರ್ ಸೀಟಿನ ಕೆಳಗೆ ಬಗ್ಗಿ ಕಪ್ಪನ್ನು ಒಂದು ಸಲ, ಹುಡುಗಿಯರನ್ನು ಒಂದು ಸಲ ನೋಡಿದ. ಪೆನ್ಸಿಲನ್ನು ಕಿವಿಯಿಂದ ತೆಗೆದ.

"ಗೆದ್ದು ತಂದಿದ್ರೆ ಬಿಟ್ಟುಬಿಡ್ತಿದ್ದೆ. ಸೋತು ತಂದಿದ್ದಕ್ಕೆ ಲಗೇಜ್ ಚಾರ್ಜ್ ಐತೆ. ತೆಗೀರಿ!"